ಕೊಂಡ ನೊಣ, ಕಟ್ಟಿದ ನೊಣ

೧೯೬೧ರಲ್ಲಿ, ಎಂಟನೇ ಕ್ಲಾಸಿನ ನಡುವರ್ಷದಲ್ಲಿ, ನಾನು ಓದು ನಿಲ್ಲಿಸಿದೆ. ಹೇಳಿಕೊಳ್ಳಲು ನನಗೆ ಯಾವತ್ತೂ ನಾಚಿಕೆಯಾಗಿಲ್ಲ. ಆದರೆ ಹೇಳಿದಾಗ ಎದುರಿನವರ ಮುಖ ಸ್ವಲ್ಪ ಬದಲಾಗುತ್ತದೆಯೇ ಎಂದು ನೋಡುವ ಅಭ್ಯಾಸ ಮಾತ್ರ ಹೋಗಿಲ್ಲ. ಅಮೆರಿಕಕ್ಕೆ ಬಂದ ಮೇಲೆ ಹಾಗೆ ಮುಖ ಬದಲಾಗದ ಒಬ್ಬರನ್ನು ಕಂಡೆ. ಅವರ ಕೋಟಿನ ಬಲಗಡೆ ಜೇಬು ಸದಾ ಅಲುಗುತ್ತಿತ್ತು, ಒಳಗೆ ಇಲಿಮರಿಯೊಂದನ್ನು ಇಟ್ಟುಕೊಂಡು ಬಂದವರ ಹಾಗೆ. ಜೇಬಿನಲ್ಲಿದ್ದದ್ದು ಅವರ ಬಲಗೈ.

ಅವರು ಡಾಕ್ಟರು. ಸ್ಯಾನ್ ಮಟಿಯೋದ ಆಸ್ಪತ್ರೆಯೊಂದರಲ್ಲಿ ವರ್ಷಗಟ್ಟಲೆ ಆಪರೇಷನ್ ಮಾಡಿದವರು. ಕೈ ನಡುಗಲು ಶುರುವಾದ ತಿಂಗಳೇ, ಯಾರೂ ಹೇಳುವ ಮೊದಲೇ, ಚಾಕು ಕೆಳಗಿಟ್ಟರಂತೆ. ನಾನು ಕಂಡಾಗ ಅದಾಗಿ ಎರಡು ವರ್ಷ ಕಳೆದಿತ್ತು.

ಅವರೂ ಮೈಸೂರಿನವರು, ನಾನೂ ಮೈಸೂರಿನವನು. ಆದರೆ ನಮ್ಮಿಬ್ಬರ ಮೈಸೂರು ಬೇರೆ ಬೇರೆ. ಅವರದು ಅಗ್ರಹಾರದ ಕಡೆ, ನಮ್ಮದು ಮಾರ್ಕೆಟ್ಟಿನ ಹೂವಿನ ಸಾಲು. ಅಪ್ಪನಿಗೆ ಲಕ್ವ ಹೊಡೆದು ಎಡಗೈ ಬಿದ್ದುಹೋದಾಗ ಅವನ ಮಣೆಯ ಮೇಲೆ ನಾನು ಕೂತೆ. ಇಪ್ಪತ್ತು ವರ್ಷ ಹೂ ಕಟ್ಟಿದೆ. ನನ್ನ ಹೆಂಡತಿ ನರ್ಸು. ೧೯೮೧ರಲ್ಲಿ ಅವಳಿಗೆ ಇಲ್ಲಿ ಕೆಲಸ ಸಿಕ್ಕಿತು, ಅವಳ ಹಿಂದೆ ನಾನು ಬಂದೆ. ರೆಡ್‌ವುಡ್ ಸಿಟಿಯ ಅಂಚಿನಲ್ಲಿ ಆಗ ಇನ್ನೂ ಸೇವಂತಿಗೆ ಬೆಳೆಯುವ ಗಾಜಿನ ಮನೆಗಳು ಉಳಿದಿದ್ದವು. ಅಲ್ಲೊಂದರಲ್ಲಿ ಸೇರಿಕೊಂಡೆ. ಹೂವು ಕೊಯ್ಯಬೇಕು, ಹನ್ನೆರಡು ಕಡ್ಡಿ ಸೇರಿಸಿ ರಬ್ಬರ್ ಬ್ಯಾಂಡ್ ಹಾಕಬೇಕು. ದಿನಕ್ಕೆ ಹತ್ತು ಗಂಟೆ ಆ ಕೆಲಸವನ್ನು ಯಾರಿಗೂ ಕಡಿಮೆಯಿಲ್ಲದಂತೆ ಮಾಡಿದ್ದೇನೆ. ಆದರೆ ರಬ್ಬರ್ ಬ್ಯಾಂಡ್ ಹಾಕುವುದನ್ನು ಕಟ್ಟುವುದು ಅಂತ ನಾನು ಯಾವತ್ತೂ ಒಪ್ಪಲಿಲ್ಲ.

೧೯೮೩ರ ಯುಗಾದಿ. ಆಗ ಈ ಕಡೆ ಕನ್ನಡದ ಮನೆಗಳು ಕಡಿಮೆ. ಒಂದು ಸ್ಕೂಲಿನ ಊಟದ ಹಾಲನ್ನು ಬಾಡಿಗೆಗೆ ಹಿಡಿದು ಎಲ್ಲರೂ ಸೇರಿದ್ದರು. ಬಂದವರೆಲ್ಲ ಎಂಜಿನಿಯರುಗಳು, ಡಾಕ್ಟರುಗಳು. ನಾನು ಒಂದು ಮೂಲೆಯಲ್ಲಿ ನೆಲದ ಮೇಲೆ ಕೂತು ಬಿಳಿ ಸೇವಂತಿಗೆಯಲ್ಲಿ ದೇವರ ಪಟಕ್ಕೆ ಮಾಲೆ ಕಟ್ಟುತ್ತಿದ್ದೆ. ಇಲ್ಲಿ ಬಾಳೆನಾರು ಎಲ್ಲಿಂದ ಬರಬೇಕು? ಹತ್ತಿದಾರವನ್ನೇ ನೀರಲ್ಲಿ ನೆನೆಸಿಕೊಂಡಿದ್ದೆ. ಎದುರಿಗೆ ಒಂದು ಜೊತೆ ಕರಿ ಕಾಲುಚೀಲ ಬಂದು ನಿಂತವು. ತಲೆ ಎತ್ತಿದರೆ ಅಲುಗುವ ಜೇಬು. ಸೂಟು ಹಾಕಿದ ಆ ಮನುಷ್ಯ ನನ್ನ ಎದುರಿಗೆ ಚಕ್ಕಂಬಕ್ಕಳ ಹಾಕಿ ಕೂತೇಬಿಟ್ಟರು.

"ಈಗ ಕುಣಿಕೆ ಹಾಕಿ ಎಳೆದ್ರಲ್ಲ, ಇನ್ನೊಂದು ಸಲ ಮಾಡಿ. ನಿಧಾನವಾಗಿ."

ಮಾಡಿ ತೋರಿಸಿದೆ.

"ನಡುವೆ ಎಲ್ಲಾದ್ರೂ ದಾರ ಹರಿದ್ರೆ?"

"ಅಲ್ಲಿದ್ದ ಎರಡು ಹೂ ಬೀಳತ್ತೆ ಸಾರ್. ಉಳಿದಿದ್ದು ಅಲ್ಲಾಡಲ್ಲ. ಎರಡು ಸುತ್ತಿಗೊಂದು ಬೀಗ ಇದೆ."

"ಎಲ್ಲಿ ಕಲಿತಿದ್ದು?"

ಬಂತು ಆ ಪ್ರಶ್ನೆ ಅಂದುಕೊಂಡೆ. "ಅರವತ್ತೊಂದರಲ್ಲೇ ಬಿಟ್ಟೆ ಸಾರ್. ಎಂಟನೇ ಕ್ಲಾಸು, ಅದೂ ಅರ್ಧ" ಎಂದು ಅವರ ಮುಖ ನೋಡಿದೆ.

"ಸ್ಕೂಲಲ್ಲರೀ. ಈ ಗಂಟು ಎಲ್ಲಿ ಕಲಿತಿದ್ದು ಅಂದೆ."

ಮುಖ ಬದಲಾಗಿರಲಿಲ್ಲ. ಅವರ ಕಣ್ಣು ನನ್ನ ಬೆರಳ ಮೇಲೇ ಇತ್ತು. ಅಪ್ಪನಿಂದ ಅಂದೆ. "ನೀವು ಫ್ಲೈ ಕಟ್ತೀರಾ?" ಅಂದರು.

ಫ್ಲೈ ಅಂದರೆ ನೊಣ. ಅಷ್ಟು ಇಂಗ್ಲಿಷು ನನಗೂ ಬರುತ್ತಿತ್ತು. ದೊಡ್ಡವರು ತಮಾಷೆ ಮಾಡುತ್ತಿದ್ದಾರೆ ಅನ್ನಿಸಿ ಸ್ವಲ್ಪ ಬಿಗಿಯಾಗಿಯೇ ಹೇಳಿದೆ: "ನೊಣ ಹೊಡೆದು ಗೊತ್ತು ಸಾರ್. ಕಟ್ಟಿ ಗೊತ್ತಿಲ್ಲ."

ಅವರು ನಕ್ಕ ನಗು ಹಾಲಿನ ಆ ತುದಿಗೆ ಕೇಳಿಸಿತು. ಅಲ್ಲಿ ಕೋಸಂಬರಿ ಬಡಿಸುತ್ತಿದ್ದ ಅವರ ಹೆಂಡತಿ ತಿರುಗಿ ನೋಡಿ, ಪಕ್ಕದವರಿಗೆ "ಶುರುವಾಯ್ತು ನೋಡಿ ಇವರ ಮೀನಿನ ಪುರಾಣ" ಅಂದರು. ಮುಂದೆ ನಾನು ಅವರನ್ನು ಅಮ್ಮ ಅಂತ ಕರೆದೆ.

ಆಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಗಾಳದ ಮೇಲೆ ಗರಿ, ಕೂದಲು ಎಲ್ಲ ದಾರದಿಂದ ಕಟ್ಟಿ ಹುಳುವಿನ ಹಾಗೆ, ಮರಿಮೀನಿನ ಹಾಗೆ ಮಾಡುತ್ತಾರೆ. ಸಣ್ಣದಿರಲಿ ದೊಡ್ಡದಿರಲಿ, ಅದಕ್ಕೆ ಫ್ಲೈ ಎಂದೇ ಹೆಸರು. ಉದ್ದನೆಯ ರಾಡಿನಿಂದ ಅದನ್ನು ಚಾಟಿಯ ಹಾಗೆ ಬೀಸಿ ನೀರಿಗೆ ಎಸೆಯುತ್ತಾರೆ. "ನನಗೆ ಬೇಕಾಗಿರೋದು ಗೇಣುದ್ದದ್ದು. ಮಸ್ಕಿ ಅಂತ ಒಂದು ಮೀನು, ಅದಕ್ಕೆ."

"ಮಸ್ಕಿ ರಾಯಚೂರು ಕಡೆ ಅಲ್ವಾ ಸಾರ್? ಅಶೋಕನ ಶಾಸನ ಸಿಕ್ಕಿದ್ದು?"

ನಾನು ಸ್ಕೂಲಿನಲ್ಲಿ ಕಲಿತ ಕೊನೆಯ ಪಾಠಗಳಲ್ಲಿ ಅದೂ ಒಂದು, ಆದ್ದರಿಂದ ನೆನಪಿತ್ತು. ಡಾಕ್ಟರು ತೊಡೆ ತಟ್ಟಿಕೊಂಡರು. "ಈ ಹಾಲಲ್ಲಿ ಇರೋರೆಲ್ಲ ಡಬಲ್ ಡಿಗ್ರಿ. ಮಸ್ಕಿ ಮಸ್ಕಿ ಅಂತ ಎಷ್ಟು ವರ್ಷದಿಂದ ಬಡ್ಕೊತಾ ಇದೀನಿ, ಒಬ್ಬರಿಗೂ ಇದು ಹೊಳೀಲಿಲ್ಲ! ಹೂವಿನವರೇ, ಶನಿವಾರ ಮನೆಗೆ ಬನ್ನಿ."

ಅವತ್ತಿನಿಂದ ನಾನು ಅವರಿಗೆ 'ಹೂವಿನವರೇ'. ಊರಿನಲ್ಲಿ ಆ ಹೆಸರಿನಿಂದ ಕರೆದವರು ಬೇಕಾದಷ್ಟು ಜನ. 'ಡಾಕ್ಟರೇ' ಅನ್ನುವ ತೂಕದಲ್ಲಿ ಅದನ್ನು ಅಂದವರು ಇವರೊಬ್ಬರೇ.

ಮನೆಗೆ ಅಂದರೂ ಅವರು ಕರೆದದ್ದು ಗ್ಯಾರೇಜಿಗೆ. ಆ ಮನೆಯೊಳಗೆ ಮೊಟ್ಟೆಗೂ ಪ್ರವೇಶವಿರಲಿಲ್ಲ. ಜಿಂಕೆಯ ಬಾಲ, ಹುಂಜದ ಕತ್ತಿನ ಗರಿ, ಇವೆಲ್ಲ ಗ್ಯಾರೇಜಿನ ಹೊಸ್ತಿಲು ದಾಟುವಂತಿರಲಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ಕೈ ನೀಡಿ ಕಾಫಿ ಕೊಡುತ್ತಿದ್ದರು. "ಕೈ ತೊಳ್ಕೊಂಡು ಮುಟ್ಟಿ ಲೋಟಾನ. ಇಬ್ಬರಿಗೂ ಹೇಳ್ತಿರೋದು." ಡಾಕ್ಟರು ಮೀನು ತಿಂದವರಲ್ಲ. ಹಿಡಿದರೆ ಬಿಡಲೆಂದೇ ಹಿಡಿಯುವವರು. ಅಮ್ಮನಿಗೆ ಅದೇ ಬಗೆಹರಿಯದ ವಿಷಯ. "ತಿನ್ನೋರಾದ್ರೆ ಹಸಿವು ಅನ್ನಬಹುದು. ಇವರು ಹಿಡಿಯೋದಂತೆ, ಕೈ ಸವರಿ ಬಿಡೋದಂತೆ. ಅದಕ್ಕೆ ಎರಡು ಸಾವಿರ ಮೈಲಿ ವಿಮಾನದಲ್ಲಿ ಹೋಗಬೇಕಂತೆ."

ದೂರ ಹೋಗಬೇಕಾಗಿದ್ದು ನಿಜ. ಮಸ್ಕಿ ನಮ್ಮ ಈ ಕಡೆಯ ನೀರಿನಲ್ಲಿಲ್ಲ. ಡಾಕ್ಟರು ಅದನ್ನು ಮೊದಲು ಕಂಡದ್ದು ವಿಸ್ಕಾನ್ಸಿನ್‌ನಲ್ಲಿ, ಟ್ರೈನಿಂಗಿನ ವರ್ಷಗಳಲ್ಲಿ. ಅವರು ಗುಣಪಡಿಸಿದ ಒಬ್ಬ ಮುದುಕ ಕೃತಜ್ಞತೆಗೆಂದು ತನ್ನ ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದನಂತೆ. ದಾರ ಎಳೆದುಕೊಳ್ಳುತ್ತಿದ್ದಾಗ ಫ್ಲೈನ ಹಿಂದೆ ಕಾಲುದ್ದದ ಮೀನೊಂದು ದೋಣಿಯ ಮಗ್ಗುಲವರೆಗೂ ಬಂದು ನಿಂತಿತು. "ಫ್ಲೈ ನೋಡಿತು. ಆಮೇಲೆ ನನ್ನ ನೋಡಿತು. ಬೇಡ ಅಂತ ತೀರ್ಮಾನ ಮಾಡಿ ಹೋಯ್ತು ಕಣ್ರೀ! ಯಾವ ಇಂಟರ್‌ವ್ಯೂನಲ್ಲೂ ನನ್ನ ಅಷ್ಟು ಚೆನ್ನಾಗಿ ನೋಡಿ ಬೇಡ ಅಂದಿರಲಿಲ್ಲ."

ಅಲ್ಲಿಂದ ಪ್ರತಿ ಅಕ್ಟೋಬರಿನಲ್ಲಿ ಒಂದು ವಾರ ಅದೇ ಸರೋವರ. ಮೊದಲೆಲ್ಲ ಫ್ಲೈಗಳನ್ನು ತಾವೇ ಕಟ್ಟುತ್ತಿದ್ದರು. ಎರಡು ಸಲ ಮೀನು ಕಚ್ಚಿ ತಪ್ಪಿಸಿಕೊಂಡಿತ್ತು. ಒಂದೂ ಕೈಗೆ ಬಂದಿರಲಿಲ್ಲ. ಈಗ ಕೈ ಅಲುಗುತ್ತಿತ್ತು. ರಾಡು ಹಿಡಿದಾಗ ಅದು ಸುಮಾರಾಗಿ ಸುಮ್ಮನಾಗುತ್ತಿತ್ತು, ಆದರೆ ಕೂದಲು ದಾರದಂಥ ಸಣ್ಣ ಕೆಲಸಕ್ಕೆ ಹೋದರೆ ಹಟ ಹಿಡಿಯುತ್ತಿತ್ತು. ಕಟ್ಟುವುದು ಬಿಟ್ಟು ಕೊಳ್ಳುವುದಕ್ಕೆ ಶುರುಮಾಡಿದ್ದರು. ಡಬ್ಬಿಗಟ್ಟಲೆ ಕೊಂಡಿದ್ದರು. ನನ್ನೆದುರಿಗೆ ಒಂದೊಂದನ್ನೇ ತೆಗೆದು ಕೂದಲು ಹಿಡಿದು ಬಲವಾಗಿ ಎಳೆದರು. ಮೂರರಲ್ಲಿ ಒಂದು ಕೈಗೇ ಬಂತು.

"ಅಂಗಡಿಯವರನ್ನ ಅನ್ನೋ ಹಾಗಿಲ್ಲ. ಅವರು ಈ ಊರಿನ ಮೀನಿಗೆ ಕಟ್ಟಿದಾರೆ. ಮಸ್ಕಿ ಬಾಯಿ ತುರಿಮಣೆ ಇದ್ದ ಹಾಗೆ. ನನಗಿನ್ನು ಮೂರೋ ನಾಲ್ಕೋ ವರ್ಷ, ಆಮೇಲೆ ರಾಡೂ ಹಿಡಿಯಕ್ಕಾಗಲ್ಲ. ಅಷ್ಟರಲ್ಲಿ ಒಂದು ಮೀನು. ಒಂದೇ. ಹಿಡಿದು, ಅಳೆದು, ಬಿಡಬೇಕು. ಕಚ್ಚಿದ ಮೇಲೆ ಬಿಚ್ಚಿಕೊಳ್ಳಬಾರದು, ಅಂಥದ್ದು ಕಟ್ಟಿಕೊಡಿ."

ಅವರಿಗೆ ಬೇಕಾಗಿದ್ದದ್ದು ಇಷ್ಟೇ. ರಬ್ಬರ್ ಬ್ಯಾಂಡ್ ಹಾಕಿ ಸಾಕಾಗಿದ್ದ ನನಗೆ ಬೇಕಾಗಿದ್ದದ್ದು ಏನೆಂದು ಅವರು ಕೇಳಲಿಲ್ಲ, ಆದರೆ ಗೊತ್ತಿತ್ತು ಅಂತ ಕಾಣುತ್ತದೆ.

ಅವರ ಪುಟ್ಟ ವೈಸನ್ನು, ಅಂದರೆ ಗಾಳವನ್ನು ಕಚ್ಚಿ ಹಿಡಿಯುವ ಇಕ್ಕಳವನ್ನು, ನಮ್ಮ ಅಪಾರ್ಟ್‌ಮೆಂಟಿನ ಅಡುಗೆಮನೆಯ ಟೇಬಲ್ಲಿಗೆ ತಿರುಪಿದೆ. ಬಿಳಿ ಜಿಂಕೆಕೂದಲು ಎರಡು ಪದರ, ನಡುವೆ ಕನಕಾಂಬರದ ಬಣ್ಣದ ಹುಂಜದ ಗರಿ. ಎರಡು ಸುತ್ತಿಗೊಂದು ಕುಣಿಕೆ, ತಲೆಯ ಮೇಲೆ ಗುರುತಿಗೆ ಕೆಂಪು ದಾರ, ದಾರದ ಮೇಲೆ ನನ್ನ ಹೆಂಡತಿಯ ಬಣ್ಣವಿಲ್ಲದ ಉಗುರುಬಣ್ಣ. "ಈ ದೇಶಕ್ಕೆ ಬಂದ ಮೇಲೆ ನನಗೊಂದು ಮೊಳ ಕಟ್ಟಿಕೊಡಲಿಲ್ಲ. ಮೀನಿಗೆ ಕಟ್ತಾರೆ, ಅದಕ್ಕೆ ನನ್ನ ನೈಲ್ ಪಾಲಿಶ್ಶೇ ಆಗಬೇಕು" ಅಂದಳು ಅವಳು. ಏಳು ಕೆಟ್ಟವು. ಎಂಟನೆಯದು ನನಗೇ ಒಪ್ಪಿಗೆಯಾಯಿತು. ದೇವರಿಗೆ ಹಾಕುವ ದಪ್ಪ ಮಾಲೆಯ ಹಾಗೆ ತುಂಬಿಕೊಂಡಿತ್ತು. ನೋಡಿದ ತಕ್ಷಣ ಡಾಕ್ಟರು "ದಿಂಡು!" ಅಂದರು. ಹೆಸರು ಹಾಗೇ ನಿಂತಿತು.

ಅಂದವರೇ ಅದರ ಕೂದಲು ಹಿಡಿದು ಎಳೆದರು.

ಮಾರ್ಕೆಟ್ಟಿನಲ್ಲಿ ಮಾಲೆ ಜಗ್ಗಿ ನೋಡುವ ಗಿರಾಕಿಯಿಂದ ನಮ್ಮಪ್ಪ ಮಾಲೆ ವಾಪಸು ಕಿತ್ತುಕೊಂಡು ಬೇರೆಯವರಿಗೆ ಮಾರುತ್ತಿದ್ದ. "ಸಾರ್, ಕೊಂಡಿದ್ದನ್ನ ಎಳೆದು ನೋಡಿ. ನಾನು ಕಟ್ಟಿದ್ದನ್ನ ಎಳೆದು ನೋಡಬೇಡಿ" ಅಂದೆ. ಅಂದ ಮೇಲೆ ಹೆಚ್ಚಾಯಿತೇನೋ ಅನ್ನಿಸಿತು. ಅವರು ಡಾಕ್ಟರು, ನನಗಿಂತ ಇಪ್ಪತ್ತು ವರ್ಷ ದೊಡ್ಡವರು.

ಡಾಕ್ಟರು ಕೂದಲಿನಿಂದ ಕೈ ತೆಗೆದರು. "ತಪ್ಪಾಯ್ತು. ಇನ್ನು ಮೇಲೆ ನೋಡಲ್ಲ."

ವರ್ಷಕ್ಕೆ ಹನ್ನೆರಡು ದಿಂಡು ಅಂತ ಮಾತಾಯಿತು. ಅಂಗಡಿಯ ಬೆಲೆಯನ್ನೇ ಕೊಡುತ್ತಿದ್ದರು, ನಾನೂ ಬೇಡವೆನ್ನದೆ ತೆಗೆದುಕೊಳ್ಳುತ್ತಿದ್ದೆ.

ಶನಿವಾರದ ಬೆಳಗ್ಗೆಗಳಲ್ಲಿ ಅವರು ಮನೆಯ ಮುಂದಿನ ಹುಲ್ಲಿನ ಮೇಲೆ ಗಾಳವಿಲ್ಲದ ದಾರವನ್ನು ಬೀಸಿ ಅಭ್ಯಾಸ ಮಾಡುತ್ತಿದ್ದರು. ಲೆಕ್ಕ ನೂರೆಂಟು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೀದಿಯಲ್ಲಿ ಹೋಗುವ ಅಮೆರಿಕದವರು ಕಾರು ನಿಧಾನ ಮಾಡಿ ಇಲ್ಲದ ನೀರನ್ನು ಹುಡುಕುತ್ತಿದ್ದರು. "ಇವರ ತಂದೆ ನೂರೆಂಟು ಗಾಯತ್ರಿ ಮಾಡ್ತಿದ್ರು. ಮಗ ನೋಡಿ" ಎಂದು ಅಮ್ಮ ಕಿಟಕಿಯಿಂದ ನನಗೆ ಕೇಳಿಸುವಂತೆ ಹೇಳುತ್ತಿದ್ದರು. ಡಾಕ್ಟರು ಎಣಿಕೆ ತಪ್ಪಬಾರದೆಂದು ಉತ್ತರ ಕೊಡುತ್ತಿರಲಿಲ್ಲ. ನೂರೆಂಟು ಮುಗಿದ ಮೇಲೆ ಕಿಟಕಿಯ ಕಡೆ ತಿರುಗಿ, "ಅಪ್ಪನಿಗೂ ದೇವರು ಸಿಕ್ಕಿದ್ದು ಯಾರೂ ನೋಡಲಿಲ್ಲ ಕಣೇ" ಅನ್ನುತ್ತಿದ್ದರು.

ಮಸ್ಕಿ ದೋಣಿಯವರೆಗೆ ಹಿಂಬಾಲಿಸಿ ಬಂದಾಗ ಫ್ಲೈಯನ್ನು ನೀರಿನಿಂದ ಎತ್ತಬಾರದಂತೆ. ರಾಡಿನ ತುದಿಯನ್ನು ನೀರಲ್ಲಿ ಮುಳುಗಿಸಿ ದೋಣಿಯ ಪಕ್ಕದಲ್ಲೇ ಎಂಟು ಬರೆಯಬೇಕಂತೆ. ಅದನ್ನು ನನಗೂ ಕಲಿಸಲು ಒಂದು ದಿನ ಕೋಲು ಕೊಟ್ಟು "ಎಂಟು ಬರೀರಿ" ಅಂದರು. ನಾನು ಹುಲ್ಲಿನ ಮೇಲೆ ಬರೆದೆ. ಡಾಕ್ಟರು ನೋಡಿದರು, ಕತ್ತು ಓರೆ ಮಾಡಿ ಇನ್ನೊಂದು ಸಲ ನೋಡಿದರು. ನಾನು ಬರೆದದ್ದು ಕನ್ನಡದ ೮. ಮಗ್ಗಿ ಕಲಿತದ್ದು ಅದರಲ್ಲಿ, ಕೈಗೆ ಬರುವುದೂ ಅದೇ. ಇಂಗ್ಲಿಷಿನ ಎಂಟು ಸುತ್ತಿ ಬಂದು ಮುಚ್ಚಿಕೊಳ್ಳುತ್ತದೆ, ಮೀನು ಅದರಲ್ಲೇ ಸುತ್ತುತ್ತದೆ. ನಮ್ಮದಕ್ಕೆ ಬಾಯಿ ತೆರೆದೇ ಇರುತ್ತದೆ.

"ಹೂವಿನವರೇ, ಆ ಮೀನು ಓದಿರೋದು ಇಂಗ್ಲಿಷ್ ಮೀಡಿಯಮ್ಮು! ಇದರಲ್ಲಿ ಬಂದ ದಾರೀಲೇ ಮನೆಗೆ ಹೋಗತ್ತೆ."

ಆ ವರ್ಷವೂ ಮುಂದಿನ ವರ್ಷವೂ ಮೀನುಗಳು ಬಂದು, ನೋಡಿ, ಹೋದವು. ೧೯೮೫ರ ಸೆಪ್ಟೆಂಬರಿನಲ್ಲಿ ನಾನು ಹತ್ತು ದಿಂಡು ಕಟ್ಟಿ ಮುಗಿಸಿದ್ದೆ. ಆಗ ಗಾಜಿನ ಮನೆಯಲ್ಲಿ ಸೇವಂತಿಗೆಯ ಸುಗ್ಗಿ. ಕೊಯ್ಯುವಾಗ ಚಾಕು ಜಾರಿ ಎಡಗೈಯ ತೋರುಬೆರಳಿಗೆ ಆಳವಾಗಿ ಹೋಯಿತು. ಹೊಲಿಗೆ ಬಿತ್ತು. ಡಾಕ್ಟರು ಹೊರಡುವುದಕ್ಕೆ ನಾಲ್ಕು ದಿನ ಉಳಿದಿತ್ತು. ಎರಡು ಬಾಕಿ. ಹತ್ತೇ ಆಗಿದೆ ಸಾರ್, ಬೆರಳು ಹೀಗಾಗಿದೆ ಅಂತ ಒಂದು ಫೋನು ಮಾಡಿದ್ದರೆ ಆಗುತ್ತಿತ್ತು. ಆದರೆ ಒಪ್ಪಿಕೊಂಡ ಎಣಿಕೆ ಕಡಿಮೆ ಕೊಟ್ಟು ನನಗೆ ಅಭ್ಯಾಸವಿಲ್ಲ. ಈಗ ಬರೆಯುವಾಗ ತಿಳಿಯುತ್ತದೆ, ಆ ಅಭಿಮಾನ ಎಷ್ಟು ಚಿಕ್ಕದು ಅಂತ. ಮೀನುಸಾಮಾನಿನ ಒಂದು ಅಂಗಡಿಗೆ ಹೋಗಿ ಬಿಳಿ ಕೂದಲಿನ ಎರಡು ದೊಡ್ಡ ಫ್ಲೈ ಕೊಂಡೆ. ಅವುಗಳ ತಲೆಯ ದಾರವನ್ನು ಬ್ಲೇಡಿನಿಂದ ಬಿಡಿಸಿ, ಕನಕಾಂಬರದ ಗರಿ ಸೇರಿಸಿ, ಇದ್ದ ನಾಲ್ಕು ಬೆರಳಿನಲ್ಲಿ ಹೇಗೋ ನನ್ನ ಕೆಂಪು ದಾರ ಸುತ್ತಿ ಉಗುರುಬಣ್ಣ ಬಳಿದೆ. ಹನ್ನೆರಡನ್ನೂ ಸಾಲಾಗಿ ಡಬ್ಬಿಯಲ್ಲಿಟ್ಟು ಕೊಟ್ಟೆ. ಡಾಕ್ಟರು ಒಂದನ್ನೂ ಎಳೆದು ನೋಡಲಿಲ್ಲ. ನನ್ನ ಬೆರಳಿನ ಬ್ಯಾಂಡೇಜು ನೋಡಿ, "ಹೊಲಿಗೆ ಯಾರು ಹಾಕಿದ್ದು? ಪರವಾಗಿಲ್ಲ, ಚೆನ್ನಾಗಿ ಹಾಕಿದಾರೆ" ಅಂದರು. "ಇಂಥ ಬೆರಳಲ್ಲೂ ಹನ್ನೆರಡು ಮಾಡಿದ್ರಲ್ಲ!"

ಆಗಲಾದರೂ ಹೇಳಬಹುದಿತ್ತು.

ಅವರು ವಾಪಸು ಬಂದ ಶನಿವಾರ ಗ್ಯಾರೇಜಿಗೆ ಹೋದೆ. ಕಾಫಿ ಆಗಲೇ ಟೇಬಲ್ಲಿನ ಮೇಲಿತ್ತು. ಲೋಟದ ಪಕ್ಕದಲ್ಲಿ ಒಂದು ಗಾಳ. ಕೂದಲಿಲ್ಲ, ಗರಿಯಿಲ್ಲ. ಬರಿ ಗಾಳ, ಅದರ ಕುತ್ತಿಗೆಯಲ್ಲಿ ನಾಲ್ಕು ಎಳೆ ದಾರ.

"ಮೂರನೇ ದಿನ ಕಚ್ಚಿತು" ಅಂದರು. "ದೊಡ್ಡದು. ದೋಣಿ ಹತ್ತಿರ ಬಂದು, ಎಂಟರ ಎರಡನೇ ಸುತ್ತಿನಲ್ಲಿ. ಒಂದು ಸಲ ತಲೆ ಒದರಿತು. ಕೂದಲೆಲ್ಲ ಅದರ ಬಾಯಲ್ಲಿ ಹೋಯ್ತು. ಇದು ಬಂತು."

ಗಾಳವನ್ನು ನನ್ನ ಕಡೆ ತಳ್ಳಿದರು. "ಮೇಲೆ ಕೆಂಪು ದಾರ ನಿಮ್ಮದು. ಕೆಳಗೆ ನೋಡಿ, ಬರಿ ಸುತ್ತು. ಕುಣಿಕೆ ಇಲ್ಲ. ಬೀಗ ಇಲ್ಲ."

ಅಂಗಡಿಯವನ ಕಟ್ಟನ್ನಾದರೂ ಹಾಗೇ ಬಿಟ್ಟಿದ್ದರೆ ಅದು ನಿಲ್ಲುತ್ತಿತ್ತೇನೋ. ನನ್ನ ಗುರುತು ಹಾಕಬೇಕೆಂದು ಅದನ್ನು ಕೊಯ್ದವನು ನಾನು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೆರಳು, ಅಂಗಡಿ, ಬ್ಲೇಡು ಎಲ್ಲವನ್ನೂ. ಹೇಳಿ ಮುಗಿಸಿ ಎದ್ದು ನಿಂತೆ. ಇನ್ನು ಈ ಗ್ಯಾರೇಜಿಗೆ ನನಗೆ ಬರುವ ಮುಖವಿಲ್ಲ ಅಂದುಕೊಂಡೆ.

ಡಾಕ್ಟರು ಕೂಗಾಡಲಿಲ್ಲ. ಬಲಗೈಯನ್ನು ಎಡಗೈಯಲ್ಲಿ ಹಿಡಿದು ಸುಮ್ಮನಾಗಿಸುತ್ತ, ಮೆಲ್ಲಗೆ ಹೇಳಿದರು: "ಕೊಂಡಿದ್ದು ತಪ್ಪಲ್ಲರೀ. ನಾನೂ ಕೊಂಡಿದೀನಿ. ಕೊಂಡಿದ್ದು ಅಂತ ಹೇಳಿದ್ದಿದ್ರೆ ಒಂದು ಸಲ ಎಳೆದು ನೋಡಿ ಎಸೀತಿದ್ದೆ. ನಿಮ್ಮದು ಅಂದ್ಕೊಂಡೆ. ನೋಡಲಿಲ್ಲ."

ಎಂಟನೇ ಕ್ಲಾಸಿನವರೆಗೆ ಮೇಷ್ಟರುಗಳಿಂದ ತಿಂದ ಏಟುಗಳು ಒಂದೂ ಈಗ ನೆನಪಿಲ್ಲ. ಈ ಮಾತು ನೆನಪಿದೆ.

"ಇನ್ನು ಮೇಲೆ ಪ್ರತಿಯೊಂದನ್ನೂ ಎಳೆದೇ ನೋಡಿ ಸಾರ್" ಅಂದೆ.

"ಆಗಲ್ಲ. ನೋಡಲ್ಲ ಅಂತ ಹೇಳಿಬಿಟ್ಟಿದೀನಲ್ಲ" ಅಂದರು. "ಕೂತ್ಕೊಳ್ಳಿ. ಕಾಫಿ ಆರಿಹೋಗತ್ತೆ."

ಮುಂದಿನ ಶನಿವಾರ ಎಂದಿನ ಹಾಗೆ ಫೋನು ಬಂತು. ಆ ವಿಷಯವನ್ನು ಅವರು ಮತ್ತೆ ಎತ್ತಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ ಅಂತ ಆಮೇಲೆ ತಿಳಿಯಿತು. ಮುಂದಿನ ವರ್ಷ ಹನ್ನೆರಡರ ಬದಲು ಒಂಬತ್ತು ಕೊಟ್ಟೆ. "ಒಂಬತ್ತೇ ಸಾರ್" ಅಂದೆ. "ಸಾಕು" ಅಂದರು. ಡಬ್ಬಿ ಮುಚ್ಚಿದರು. ಆ ವರ್ಷ ಒಂದು ಮೀನೂ ಕಾಣಿಸಲಿಲ್ಲ.

೧೯೮೭ರ ಬೇಸಿಗೆಯಲ್ಲಿ ಅವರ ನೂರೆಂಟು ಅರವತ್ತಕ್ಕೆ ಇಳಿದಿತ್ತು. ಷರಟಿನ ಗುಂಡಿಯನ್ನು ಅಮ್ಮನೇ ಹಾಕಬೇಕಾಗಿತ್ತು. "ಇದೇ ಕೊನೇದು ಹೂವಿನವರೇ, ನೀವೂ ಬನ್ನಿ. ದೋಣಿ ನೋಡ್ಕೊಳ್ಳೋಕೆ ಒಬ್ಬರು ಬೇಕು" ಅಂದರು. ಅಮ್ಮ ನನ್ನನ್ನು ಬಾಗಿಲ ಹತ್ತಿರ ಕರೆದು, "ನೀರಿಗೆ ಬೀಳದ ಹಾಗೆ ನೋಡ್ಕೊಳ್ಳಪ್ಪ. ಮೀನು ಸಿಗಲಿ ಬಿಡಲಿ, ಇವರನ್ನ ವಾಪಸು ತಾ" ಅಂದರು. ಡಬ್ಬಿ ತುಂಬ ಚಕ್ಕುಲಿ ಕೊಟ್ಟರು.

ಆ ಸರೋವರದ ಚಳಿಯನ್ನು ಹೇಳಿ ಪ್ರಯೋಜನವಿಲ್ಲ. ಸುತ್ತ ಎಲೆಯುದುರಿದ ಮರಗಳು. ನೀರು ಕಾಫಿ ಡಿಕಾಕ್ಷನ್ನಿನ ಬಣ್ಣ. ಬೆಳಗ್ಗೆಯಿಂದ ಮಧ್ಯಾಹ್ನದವರೆಗೆ ಎಸೆಯುವುದು, ಎಳೆದುಕೊಳ್ಳುವುದು, ಎಂಟು ಬರೆಯುವುದು. ಮೀನಿರಲಿ ಇಲ್ಲದಿರಲಿ, ಪ್ರತಿ ಎಸೆತದ ಕೊನೆಗೂ ಅವರು ಎಂಟು ಬರೆದೇ ಬರೆಯುತ್ತಿದ್ದರು. "ಬಂದಿಲ್ಲ ಅಂತ ನಮಗೆ ಹೇಗೆ ಗೊತ್ತು?" ಅನ್ನುತ್ತಿದ್ದರು. ನಾಲ್ಕು ದಿನ ಏನೂ ಇಲ್ಲ. ಐದನೆಯ ದಿನ ಬೆಳಗ್ಗೆ ಅವರು ಡಬ್ಬಿಯಿಂದ ಹೊಸ ದಿಂಡೊಂದನ್ನು ತೆಗೆದು ನನ್ನ ಕೈಗೆ ಕೊಟ್ಟರು. ದಾರದ ತುದಿಯ ತಂತಿಗೆ ಸಿಕ್ಕಿಸುವುದು ಈಗ ನನ್ನ ಕೆಲಸ. ನನಗೆ ಒಂದು ಸಲ ಎಳೆದು ನೋಡುವ ಮನಸ್ಸಾಯಿತು. ಎದುರಿಗೆ ಅವರು ಕೂತಿದ್ದರು. ಎಳೆಯಲಿಲ್ಲ.

ಹನ್ನೊಂದು ಗಂಟೆಯ ಹೊತ್ತಿಗೆ ದಿಂಡಿನ ಹಿಂದೆ ಒಂದು ಹಲಗೆ ತೇಲಿ ಬರುತ್ತಿದೆ ಅನ್ನಿಸಿತು. ಹಲಗೆಗೆ ಕಣ್ಣಿತ್ತು.

"ಡಾಕ್ಟ್ರೇ..."

"ನೋಡಿದೆ. ಮಾತಾಡಬೇಡಿ."

ರಾಡಿನ ತುದಿಯನ್ನು ನೀರಿಗಿಳಿಸಿ ಎಂಟು ಶುರುಮಾಡಿದರು. ಮೊದಲ ಸುತ್ತು ಸರಿಯಾಗಿತ್ತು. ಎರಡನೆಯದರಲ್ಲಿ ಕೈ ತನ್ನ ಹಟ ಹಿಡಿಯಿತು. ರಾಡು ಅದುರಿತು, ಎಂಟು ಮುಚ್ಚಿಕೊಳ್ಳದೆ ಒಂದು ಕಡೆಗೆ ಎಳೆದುಕೊಂಡು ಹೋಯಿತು. ಇಂಗ್ಲಿಷಿನದೂ ಅಲ್ಲದ ಕನ್ನಡದ್ದೂ ಅಲ್ಲದ ಎಂಟು. ದಿಂಡು ಗಾಯಗೊಂಡ ಮೀನಿನ ಹಾಗೆ ಒದ್ದಾಡಿತು. ಬಿಳಿ ಬಾಯಿಯೊಂದು ತೆರೆದು ಮುಚ್ಚಿತು. ದೋಣಿಯೇ ಆ ಕಡೆಗೆ ವಾಲಿತು.

ಎಷ್ಟು ಹೊತ್ತು ಅಂತ ಗೊತ್ತಿಲ್ಲ. ಅದು ಎರಡು ಸಲ ದೋಣಿಯ ಕೆಳಗೆ ನುಗ್ಗಿತು. ಅವರ ಎರಡೂ ಕೈ ನಡುಗುತ್ತಿದ್ದವು, ತುಟಿ ನೀಲಿಯಾಗಿತ್ತು. "ಸಾರ್, ಒಂದು ಕೈ ಹಿಡೀಲಾ?" ಅಂದೆ.

"ರಾಡು ಮುಟ್ಟಿದ್ರೆ ನಿಮ್ಮನ್ನ ಇಲ್ಲೇ ಇಳಿಸಿ ಹೋಗ್ತೀನಿ!"

ಅದು ತಲೆ ಒದರಿತು. ಒಂದು ಸಲ. ಇನ್ನೊಂದು ಸಲ. ನಾನು ಕಣ್ಣು ಮುಚ್ಚಿಕೊಂಡೆ. ಕಣ್ಣು ಬಿಟ್ಟಾಗ ದಾರ ಬಿಗಿಯಾಗೇ ಇತ್ತು.

ದೊಡ್ಡ ಬಲೆಯನ್ನು ನೀರಿನಲ್ಲಿ ಹಿಡಿದು ಅದನ್ನು ಒಳಗೆ ಬಿಟ್ಟುಕೊಂಡೆ. ಮೇಲೆತ್ತಲು ಅವರು ಬಿಡಲಿಲ್ಲ. ನೀರಲ್ಲೇ ಇಟ್ಟು ಇಕ್ಕಳದಿಂದ ಗಾಳ ಬಿಡಿಸಿದೆ. "ಅಳೀರಿ ಹೂವಿನವರೇ" ಅಂದರು. ಟೇಪು ಎಲ್ಲಿಟ್ಟಿದ್ದೆವೋ ಸಿಗಲಿಲ್ಲ. ತೋಳು ಮಡಿಸಿ, ಮಾರ್ಕೆಟ್ಟಿನಲ್ಲಿ ಮಲ್ಲಿಗೆ ಅಳೆದ ಹಾಗೆ, ಮೊಣಕೈಯಿಂದ ಬೆರಳ ತುದಿಯವರೆಗೆ ಅದರ ಬೆನ್ನಿನ ಮೇಲೆ ಇಟ್ಟು ಅಳೆದೆ. ಎರಡೂವರೆ ಮೊಳ.

ಆಮೇಲೆ ಡಾಕ್ಟರು ದೋಣಿಯ ಅಂಚಿಗೆ ಬಗ್ಗಿ ಬಲಗೈಯಲ್ಲಿ ಅದರ ಬಾಲದ ಬುಡ ಹಿಡಿದರು. ಅವರು ನೀರಿಗೆ ಬೀಳದಂತೆ ನಾನು ಅವರ ಬೆಲ್ಟು ಹಿಡಿದೆ. ಸುಸ್ತಾದ ಮೀನನ್ನು ಹಾಗೇ ಬಿಟ್ಟರೆ ಸಾಯುತ್ತದಂತೆ. ಉಸಿರು ಹಿಡಿಯುವವರೆಗೆ ನೀರಿನಲ್ಲಿ ಹಿಂದೆ ಮುಂದೆ ಅಲುಗಿಸುತ್ತಿರಬೇಕಂತೆ. ಅವರ ಕೈ ತಾನಾಗಿಯೇ ಅಲುಗುತ್ತಿತ್ತು. ನಾನು ಕಂಡ ನಾಲ್ಕು ವರ್ಷವೂ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದ ಆ ಕೈಯನ್ನು ಅವರು ನೀರಿನಲ್ಲಿ ಬಿಟ್ಟು ನೋಡುತ್ತ ನಕ್ಕರು.

"ನೋಡಿ, ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಕೈ ಇಡೀ ಅಮೆರಿಕದಲ್ಲಿ ಸಿಗಲ್ಲ!"

ಬಾಲ ಒಂದು ಸಲ ಬಲವಾಗಿ ಹೊಡೆಯಿತು. ಕೈ ಖಾಲಿಯಾಯಿತು.

ದಿಂಡನ್ನು ತಿರುಗಿಸಿ ನೋಡಿದೆವು. ಕೂದಲು ಅಲ್ಲಲ್ಲಿ ಕಿತ್ತಿತ್ತು. ಕೆಂಪು ತಲೆಯ ಮೇಲೆ ಹಲ್ಲಿನ ಗೀರುಗಳು, ಸಾಲು ಸಾಲಾಗಿ. ದಾರ ಎರಡು ಕಡೆ ಹರಿದಿತ್ತು. ಉಳಿದದ್ದು ಅಲ್ಲಾಡಿರಲಿಲ್ಲ. ಡಾಕ್ಟರು ಅದನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಿಸಿದರು.

"ತಗೊಳ್ಳಿ. ಮಸ್ಕಿ ಶಾಸನ. ಅರ್ಧಕ್ಕೆ ಬಿಟ್ಟ ಪಾಠ ಮುಗಿಸಿ."

ಆ ವರ್ಷದ ನಂತರ ಅವರು ರಾಡು ಹಿಡಿಯಲಿಲ್ಲ. ೧೯೮೯ರ ಫೆಬ್ರವರಿಯಲ್ಲಿ, ಮನೆಯಲ್ಲೇ, ಮಲಗಿದಲ್ಲೇ ಹೋದರು. ಕಡೆಯ ಮಾಲೆಯನ್ನು ನಾನು ಕಟ್ಟಿದೆ. ಬಿಳಿ ಸೇವಂತಿಗೆ, ನಡುನಡುವೆ ಕನಕಾಂಬರದ ಬಣ್ಣದ ಇಲ್ಲಿನ ಯಾವುದೋ ಹೂವು. ಎರಡು ಸುತ್ತಿಗೊಂದು ಬೀಗ.

ಹದಿಮೂರು ದಿನ ಕಳೆದ ಮೇಲೆ ಅಮ್ಮ ಕರೆಸಿದರು. ಅಭ್ಯಾಸಬಲದಿಂದ ಗ್ಯಾರೇಜಿನ ಬಾಗಿಲಿಗೆ ಹೋದೆ. "ಅಲ್ಲಲ್ಲ, ಒಳಗೆ ಬಾ" ಅಂದರು. ಅವರ ಊಟದ ಟೇಬಲ್ಲಿನ ಮೇಲೆ ವೈಸು, ಜಿಂಕೆಬಾಲ, ಗರಿಯ ಡಬ್ಬಿ, ಎಲ್ಲವನ್ನೂ ಅವರೇ ತಂದು ಸಾಲಾಗಿ ಜೋಡಿಸಿದ್ದರು.

"ಇದೆಲ್ಲ ನಿನಗೆ ಅಂತ ಹೇಳಿದ್ರು. ಅದೇನೋ ಶಾಸನ ಅಂತಿದ್ರಲ್ಲ, ಅದು ಎಲ್ಲಿ?"

ಜೇಬಿನಲ್ಲೇ ಇತ್ತು. ಕೊಟ್ಟೆ. ಇಷ್ಟು ವರ್ಷ ಗರಿಯೊಂದನ್ನೂ ಮುಟ್ಟದಿದ್ದ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಎರಡು ಬೆರಳಿನಲ್ಲಿ ಕೂದಲು ಹಿಡಿದು ಎಳೆದರು.

ನಾನು ತಡೆಯಲಿಲ್ಲ.

"ಗಟ್ಟಿ ಇದೆ" ಎಂದು ವಾಪಸು ಕೊಟ್ಟರು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಅವರ ವೈಸು ಒಂದು. ಜಿಂಕೆಬಾಲ ನಾಲ್ಕು. ಗರಿಯ ಡಬ್ಬಿ ಎರಡು. ನೀರಿಗೆ ಎಸೆಯದೆ ಉಳಿದ ದಿಂಡು ಹದಿನಾಲ್ಕು. ಹಲ್ಲಿನ ಗುರುತಿನದು ಒಂದು. ಬರಿ ಗಾಳ ಒಂದು.